ಬಿಲ್ಲಿಂಗ್ ನಿಂತಾಗ ಫೋನ್ ಯಾರಿಗೆ ಬರುತ್ತದೆ? ರಿಟೇಲ್ ಐಟಿ ಕೆಲಸ ಆರಿಸುವ ಹುಬ್ಬಳ್ಳಿ-ಧಾರವಾಡದವರಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಬಿಸಿಎ, ಡಿಪ್ಲೊಮಾ ಅಥವಾ ಬಿಇ ಮುಗಿಸಿದವರಿಗೆ ಐಟಿ ಕೆಲಸ ಅಂದರೆ ಕಣ್ಣ ಮುಂದೆ ಬರುವುದು ಎರಡೇ. ಗೋಕುಲ ರಸ್ತೆಯ ಇನ್ಫೋಸಿಸ್ ಕ್ಯಾಂಪಸ್, ಇಲ್ಲವೇ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು. ಇವೆರಡೂ ಅಲ್ಲದ ಇನ್ನೊಂದು ದಾರಿ ಇದೆ. ಊರೂರಲ್ಲಿ ಸೂಪರ್‌ಮಾರ್ಕೆಟ್, ಬಟ್ಟೆ, ಚಪ್ಪಲಿ, ಟಿವಿ-ಫ್ರಿಜ್ ಅಂಗಡಿಗಳನ್ನು ಸಾಲಾಗಿ ನಡೆಸುವ ದೊಡ್ಡ ಕಂಪನಿಗಳ ಐಟಿ ವಿಭಾಗ. ಅಂಥ ಕಡೆಯಿಂದ ಆಫರ್ ಬಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, “ಅಂಗಡ್ಯಾಗ ದುಡಿಯಾಕ ಇಂಜಿನಿಯರಿಂಗ್ ಯಾಕ ಬೇಕಿತ್ತು?”

ಪ್ರಶ್ನೆ ತಪ್ಪಲ್ಲ. ಆದರೆ ಕಂಪನಿಯ ಹೆಸರು ನೋಡಿದರೆ ಉತ್ತರ ಸಿಗುವುದಿಲ್ಲ. ಒಂದೇ ಕಂಪನಿಯ ಒಂದೇ ಐಟಿ ವಿಭಾಗದಲ್ಲಿ ಒಬ್ಬರು ಇಡೀ ದಿನ ಪ್ರಿಂಟರ್ ಬಿಚ್ಚುತ್ತಿರುತ್ತಾರೆ, ಇನ್ನೊಬ್ಬರು ಎಲ್ಲ ಅಂಗಡಿಗಳ ತೆರಿಗೆ ದರ ಬದಲಿಸುತ್ತಿರುತ್ತಾರೆ. ಇಬ್ಬರ ಕೊರಳಲ್ಲೂ ಒಂದೇ ಬಣ್ಣದ ಐಡಿ ಕಾರ್ಡ್. ಹಾಗಾಗಿ ನಾನು ನೋಡುವುದು ಒಂದನ್ನೇ. ಶನಿವಾರ ಸಂಜೆ ಬಿಲ್ಲಿಂಗ್ ನಿಂತರೆ ಮೊದಲ ಫೋನ್ ಯಾರಿಗೆ ಬರುತ್ತದೆ, ಅವರಿಂದ ಆಗದಿದ್ದರೆ ಯಾರಿಗೆ, ಕೊನೆಗೆ ಸರಿಮಾಡುವವರು ಯಾರು? ಆ ಸಾಲಿನಲ್ಲಿ ನಿಮ್ಮ ಜಾಗ ಎಲ್ಲಿದೆ ಅನ್ನುವುದರ ಮೇಲೆ ಪಗಾರ, ಸೂಟಿ, ಕಲಿಕೆ, ಮೂರು ವರ್ಷ ಆದ ಮೇಲಿನ ದಾರಿ ಎಲ್ಲ ನಿಂತಿರುತ್ತದೆ.

ಅಂಗಡಿ ಕಡೆಯ ಸಪೋರ್ಟ್

ಮೊದಲ ಫೋನ್ ಬರುವುದು ಇವರಿಗೆ. ಹುದ್ದೆಯ ಹೆಸರು ಐಟಿ ಎಕ್ಸಿಕ್ಯೂಟಿವ್, ಸ್ಟೋರ್ ಐಟಿ, ಏರಿಯಾ ಐಟಿ, ಫೀಲ್ಡ್ ಇಂಜಿನಿಯರ್ ಹೀಗೆ ಏನಾದರೂ ಇರಬಹುದು. ಊರು ಬಿಡದೆ ಮಾಡಬಹುದಾದ ರಿಟೇಲ್ ಐಟಿ ಕೆಲಸ ಅಂದರೆ ಹೆಚ್ಚಾಗಿ ಇದೇ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ಕೂತವರಿಗೆ ಸಾಮಾನ್ಯವಾಗಿ ಧಾರವಾಡ, ಗದಗ, ಹಾವೇರಿಯ ಅಂಗಡಿಗಳೂ ಗಂಟು ಬೀಳುತ್ತವೆ. ಧಾರವಾಡ ಇಪ್ಪತ್ತು ಕಿ.ಮೀ. ಚಿಲ್ಲರೆ, ಚಿಗರಿ ಬಸ್ ಹತ್ತಿದರೆ ಆಯಿತು. ಗದಗ ಸುಮಾರು 60, ಹಾವೇರಿ ಸುಮಾರು 75 ಕಿ.ಮೀ. ಅಲ್ಲಿಗೆ ಒಂದು ಪ್ರಿಂಟರ್ ಹಿಡಿದುಕೊಂಡು ಹೋಗಿ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಹೋಗಿಬರುವ ಖರ್ಚು ಬಿಲ್ ಕೊಟ್ಟ ಮೇಲೆ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಕೈಯಿಂದ ಪೆಟ್ರೋಲ್ ಹಾಕಿ ಎರಡೆರಡು ತಿಂಗಳು ಕಾಯುವವರು ಈ ಕೆಲಸದಲ್ಲಿ ಬಹಳ ಜನ ಇದ್ದಾರೆ.

ಕೌಂಟರಿನ ಕಂಪ್ಯೂಟರ್, ಬಿಲ್ ಪ್ರಿಂಟರ್, ಸ್ಕ್ಯಾನರ್, ಗಲ್ಲಾ ಪೆಟ್ಟಿಗೆ, ಕಾರ್ಡ್ ಉಜ್ಜುವ ಮಷೀನ್, ಯುಪಿಎಸ್, ರೌಟರ್, ತರಕಾರಿ ತೂಕದ ಯಂತ್ರ ಇವೆಲ್ಲ ನಿಮ್ಮವು. ಸಿಸಿಟಿವಿ, ಹಾಜರಿ ಹಾಕುವ ಬೆರಳಚ್ಚು ಮಷೀನ್ ಕೂಡ ಸುಮ್ನೆ ನಿಮ್ಮ ತಲೆಗೇ ಕಟ್ಟುತ್ತಾರೆ. ವೈರ್ ಇರುವುದೆಲ್ಲ ಐಟಿ ಅನ್ನುವುದು ಸ್ಟೋರ್ ಮ್ಯಾನೇಜರುಗಳ ನಂಬಿಕೆ.

ಹಾಗಂತ ಇದು ಬರೀ ವೈರಿನ ಕೆಲಸ ಅಲ್ಲ. ಸಂಜೆ ಏಳೂವರೆಗೆ ಮೂರನೇ ಕೌಂಟರಿನ ಹುಡುಗಿ ಫೋನ್ ಮಾಡುತ್ತಾಳೆ ಅಂದುಕೊಳ್ಳಿ. “ಸರ್, ಒಂದ ಎಣ್ಣಿ ಪಾಕೀಟಿಗೆ ಎರಡ ರೇಟ್ ತೋರ್ಸಾಕತ್ತೈತ್ರಿ. ಯಾವ್ದು ಒತ್ತಲಿ?” ಕಂಪ್ಯೂಟರ್ ಕೆಟ್ಟಿಲ್ಲ. ಅದೇ ಬಾರ್‌ಕೋಡಿನ ಹಳೇ ಸರಕು ಒಂದು ಎಂಆರ್‌ಪಿ, ಹೊಸ ಸರಕು ಇನ್ನೊಂದು ಎಂಆರ್‌ಪಿ. ಎರಡೂ ಅಂಗಡಿಯಲ್ಲಿವೆ, ಹಾಗಾಗಿ ಸಾಫ್ಟ್‌ವೇರ್ ಯಾವುದು ಅಂತ ಕೇಳುತ್ತಿದೆ. ಹಳೇ ಪಾಕೀಟಿಗೆ ಹೊಸ ರೇಟ್ ಒತ್ತಿದರೆ, ಮುದ್ರಿಸಿದ ಬೆಲೆಗಿಂತ ಹೆಚ್ಚಿಗೆ ಮಾರಿದಂತೆ. ಅದು ಕಾನೂನಿಗೆ ವಿರುದ್ಧ. ಉಲ್ಟಾ ಒತ್ತಿದರೆ ಸ್ಟಾಕ್ ಲೆಕ್ಕ ತಪ್ಪುತ್ತದೆ, ಆಡಿಟ್ ದಿನ ಆ ಹುಡುಗಿಯ ತಲೆಗೆ ಬರುತ್ತದೆ. ಹೇಳಬೇಕಾದ್ದು ಇಷ್ಟೇ, “ಪಾಕೀಟಿನ ಮ್ಯಾಲೆ ಏನ್ ಐತಿ, ಅದನ್ನ ಒತ್ರಿ.” ಆದರೆ ಅದನ್ನು ಧೈರ್ಯವಾಗಿ ಹೇಳಬೇಕಾದರೆ ಸರಕು ಒಳಗೆ ಬರುವಾಗ ಎಂಆರ್‌ಪಿ ಎಲ್ಲಿ ಏರುತ್ತದೆ, ಅದು ಗಲ್ಲಾದವರೆಗೆ ಹೇಗೆ ಬರುತ್ತದೆ ಅನ್ನುವುದು ಗೊತ್ತಿರಬೇಕು.

ತೂಕದ ಯಂತ್ರದ್ದು ಇನ್ನೊಂದು ಕಥೆ. ಬಿಸ್ಕತ್ ಪುಡಿಕೆ ತಿರುಗಿಸಿ ನೋಡಿ. 13 ಅಂಕಿಯ ಬಾರ್‌ಕೋಡ್ 890ರಿಂದ ಶುರುವಾಗಿದ್ದರೆ ಆ ನಂಬರ್ ಭಾರತದ ಜಿಎಸ್1 ಸಂಸ್ಥೆ ಕೊಟ್ಟಿದ್ದು. ಅಂಗಡಿಯಲ್ಲೇ ತೂಗಿ ಅಂಟಿಸಿದ ತೊಗರಿಬೇಳೆ, ಬೆಂಡೆಕಾಯಿ ಚೀಟಿ ಮಾತ್ರ ಸಾಮಾನ್ಯವಾಗಿ 2ರಿಂದ ಶುರುವಾಗುತ್ತದೆ. 2ರ ಸಾಲನ್ನು ಅಂಗಡಿಯವರ ಒಳಬಳಕೆಗೆ ಅಂತಲೇ ಬಿಟ್ಟಿದ್ದಾರೆ. ಅದರೊಳಗೆ ಸಾಮಾನಿನ ನಂಬರ್ ಮತ್ತು ತೂಕ ಅಥವಾ ಬೆಲೆ ಅಡಗಿರುತ್ತದೆ. ರಾತ್ರಿ ಹೆಡ್ ಆಫೀಸಿನಿಂದ ಬಂದ ಹೊಸ ರೇಟ್ ಗಲ್ಲಾಕ್ಕೆ ಇಳಿದು ತೂಕದ ಯಂತ್ರಕ್ಕೆ ಇಳಿಯದೇ ಹೋದರೆ ಚೀಟಿಯಲ್ಲಿ 42 ರೂಪಾಯಿ, ಬಿಲ್ಲಿನಲ್ಲಿ 46. ಗಿರಾಕಿ ಚೀಟಿ ಹಿಡಿದು ನಿಂತರೆ ಹಿಂದಿನ ಪಾಳಿ ಬಾಗಿಲವರೆಗೆ ಬೆಳೆಯುತ್ತದೆ.

ಇಂಟರ್ನೆಟ್ ಹೋದಾಗ ಒಳ್ಳೇ ಸಪೋರ್ಟಿನವರು ಯಾರು ಅನ್ನುವುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಹೆಚ್ಚಿನ ಬಿಲ್ಲಿಂಗ್ ಸಾಫ್ಟ್‌ವೇರುಗಳು ನೆಟ್ ಇಲ್ಲದೆಯೂ ಬಿಲ್ ಹೊಡೆಯುತ್ತವೆ. ಬಿಲ್ಲುಗಳು ಅಂಗಡಿಯ ಕಂಪ್ಯೂಟರಿನಲ್ಲೇ ಕೂತಿದ್ದು ಲೈನ್ ಬಂದ ಮೇಲೆ ಮೇಲಕ್ಕೆ ಹೋಗುತ್ತವೆ. ನಿಲ್ಲುವುದು ಕಾರ್ಡ್, ಪ್ರತಿ ಬಿಲ್ಲಿಗೂ ಪರದೆಯ ಮೇಲೆ ಬರುವ ಯುಪಿಐ ಕ್ಯೂಆರ್, ಪಾಯಿಂಟ್ಸ್, ಗಿಫ್ಟ್ ವೋಚರ್, ಬೇರೆ ಊರಿನ ಬಿಲ್ಲಿನ ಎಕ್ಸ್‌ಚೇಂಜ್. ಇದು ಗೊತ್ತಿದ್ದವರು “ನಗದು ತಗೋರಿ, ಬಿಲ್ ಹೊಡೀತಾ ಇರ್ರಿ” ಅಂತ ಹೇಳಿ ಆಮೇಲೆ ಲೈನ್ ನೋಡುತ್ತಾರೆ. ಗೊತ್ತಿಲ್ಲದವರು ಸರ್ವರ್ ರೀಸ್ಟಾರ್ಟ್ ಮಾಡಿಸಿ ನಡೆಯುತ್ತಿದ್ದ ಬಿಲ್ಲನ್ನೂ ನಿಲ್ಲಿಸುತ್ತಾರೆ.

ಇಲ್ಲಿ ಕಲಿಯುವುದು ನೆಟ್‌ವರ್ಕ್, ವಿಂಡೋಸ್, ಒಂಚೂರು ಎಸ್‌ಕ್ಯೂಎಲ್. ಎಲ್ಲಕ್ಕಿಂತ ಹೆಚ್ಚಾಗಿ ಅಂಗಡಿಯ ದುಡ್ಡು ಹೇಗೆ ಓಡಾಡುತ್ತದೆ ಅನ್ನುವುದು. ಕಲಿಯದೇ ಉಳಿಯುವುದು ಪ್ರೋಗ್ರಾಮಿಂಗ್. ಎರಡು ವರ್ಷ ಪ್ರಿಂಟರ್, ಯುಪಿಎಸ್ ಅಂತಲೇ ಕಳೆದರೆ ರೆಸ್ಯೂಮೆಯಲ್ಲೂ ಅದೇ ಇರುತ್ತದೆ. ಅದರಿಂದ ಹೊರಬರುವ ಬಾಗಿಲು ಕೆಲಸದ ಒಳಗೇ ಇದೆ. ದಿನದ ಕೊನೆಗೆ ಗಲ್ಲಾ, ಕಾರ್ಡ್, ಯುಪಿಐ ಮೊತ್ತ ತಾಳೆಯಾಗದಿದ್ದಾಗ ಯಾವ ಬಿಲ್ಲಿನಲ್ಲಿ ಹೋಯಿತು ಅಂತ ಡೇಟಾಬೇಸಿನಲ್ಲಿ ಹುಡುಕುವ ಕೆಲಸ ಯಾರಿಗೂ ಬೇಡ. ನೀವು ಹಿಡಿದುಕೊಳ್ಳಿ. ಹಾಗೆಯೇ ಎಲ್ಲ ಅಂಗಡಿಗಳಿಗೂ ಒಟ್ಟಿಗೆ ನಡೆಯುವ ಬದಲಾವಣೆ ಬಂದರೆ ಕೈ ಎತ್ತಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿಯಿತು. ಹಳೇ ಕೌಂಟರ್ ಮಷೀನುಗಳನ್ನು ಬದಲಿಸುವಂಥ ಕೆಲಸದಲ್ಲಿ ಯಾವ ಊರು ಯಾವ ದಿನ ಅಂತ ಪಟ್ಟಿ ಹಾಕಿದವರ ಹೆಸರು ಹೆಡ್ ಆಫೀಸಿನವರಿಗೆ ನೆನಪಿರುತ್ತದೆ.

ಹೆಲ್ಪ್‌ಡೆಸ್ಕ್ ಇದರ ತಮ್ಮ ಇದ್ದಂತೆ. ಕೂತಲ್ಲೇ ಫೋನ್, ಟಿಕೆಟ್ (ಬಂದ ದೂರಿನ ದಾಖಲೆ), ಪಾಳಿ. ಇದನ್ನು ಹಗುರವಾಗಿ ನೋಡುವವರಿಗೆ 2025ರ ಏಪ್ರಿಲಿನ ಘಟನೆ ಹೇಳಬೇಕು. ಬ್ರಿಟನ್ನಿನ ದೊಡ್ಡ ಅಂಗಡಿ ಕಂಪನಿ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಮೇಲೆ ಸೈಬರ್ ದಾಳಿ ಆಯಿತು. ಬೇರೆಯವರ ಸೋಗು ಹಾಕಿ, ಹೊರಗುತ್ತಿಗೆ ಸಂಸ್ಥೆಯ ಮೂಲಕ ಒಳಗೆ ನುಗ್ಗಿದರು ಅಂತ ಕಂಪನಿಯೇ ಹೇಳಿತು. ಆನ್‌ಲೈನ್ ಆರ್ಡರುಗಳು ಆರು ವಾರಕ್ಕೂ ಹೆಚ್ಚು ನಿಂತವು. ನಷ್ಟದ ಅಂದಾಜು ಸುಮಾರು 30 ಕೋಟಿ ಪೌಂಡ್. “ನಾನು ರೀಜನಲ್ ಮ್ಯಾನೇಜರ್ ಮಾತಾಡೋದು, ಪಾಸ್‌ವರ್ಡ್ ರೀಸೆಟ್ ಮಾಡು, ಅರ್ಜೆಂಟ್ ಐತಿ” ಅನ್ನುವ ಕರೆ ನಿಮಗೂ ಬರುತ್ತದೆ. ಆಗ ಬೈಸಿಕೊಂಡಾದರೂ ವಾಪಸ್ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವವರಿಗೆ ಬೆಂಬಲ ಕೊಡುವ ಮೇಲಧಿಕಾರಿ ಇದ್ದಾರಾ ಅನ್ನುವುದು ಒಳ್ಳೇ ಕಂಪನಿಯ ಗುರುತು.

ಹೆಡ್ ಆಫೀಸಿನ ಅಪ್ಲಿಕೇಶನ್ ತಂಡ

ಅಂಗಡಿಯವರಿಂದ, ಹೆಲ್ಪ್‌ಡೆಸ್ಕಿನಿಂದ ಆಗದ್ದು ಇಲ್ಲಿಗೆ ಬರುತ್ತದೆ. ಕೂರುವ ಜಾಗ ಬೆಂಗಳೂರು ಅಥವಾ ಮುಂಬೈ, ಹುಬ್ಬಳ್ಳಿಯಲ್ಲಿ ಸಿಗುವುದು ಅಪರೂಪ. ಬಿಲ್ಲಿಂಗ್ ಸಾಫ್ಟ್‌ವೇರ್, ಖರೀದಿ, ಸ್ಟಾಕ್, ಲೆಕ್ಕಪತ್ರ, ತೆರಿಗೆ, ಆಫರ್ ಎಲ್ಲ ಇವರ ಕೈಯಲ್ಲಿ.

ಈ ಕುರ್ಚಿಯ ತೂಕ ತಿಳಿಯಬೇಕಾದರೆ 2025ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. 3ನೇ ತಾರೀಖು ಜಿಎಸ್‌ಟಿ ಮಂಡಳಿ ದರ ಬದಲಿಸಿತು. ಜಾರಿ 22ರಿಂದ. ನಡುವೆ ಮೂರು ವಾರವೂ ಇಲ್ಲ. ಆ 22 ನವರಾತ್ರಿ ಶುರುವಾದ ದಿನ ಬೇರೆ. 12 ಮತ್ತು 28 ಪರ್ಸೆಂಟಿನಲ್ಲಿದ್ದ ಬಹುಪಾಲು ಸಾಮಾನು 5ಕ್ಕೋ 18ಕ್ಕೋ ಸರಿದವು. ಬಿಸ್ಕತ್, ಸೋಪು, ಟೂತ್‌ಪೇಸ್ಟ್ 18ರಿಂದ 5. ಎಸಿ, ದೊಡ್ಡ ಟಿವಿ 28ರಿಂದ 18. ಪೇಪರಿನಲ್ಲಿ ಓದಿದವರಿಗೆ ಒಂದು ಸಾಲಿನ ಸುದ್ದಿ. ಐಟಿಯವರಿಗೆ ಪ್ರತಿ ಸಾಮಾನಿನ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸಾಮಾನಿನ ಬಗೆ ಗುರುತಿಸುವ ಸಂಖ್ಯೆ) ತೆಗೆದು ಹೊಸ ದರ ಹಚ್ಚಿ, 21ರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದು ಎಲ್ಲ ಕೌಂಟರಿಗೂ ಇಳಿದಿದೆಯಾ ಅಂತ ನೋಡುವ ಕೆಲಸ. 20ನೇ ತಾರೀಖು ಕೊಂಡ ಎಸಿಯನ್ನು ಗಿರಾಕಿ 25ಕ್ಕೆ ವಾಪಸ್ ತಂದರೆ ಬಿಲ್ಲಿನ ಹಳೇ ದರದಲ್ಲೇ ಲೆಕ್ಕ ಹಾಕಬೇಕು. ಅಂದರೆ ಹಳೇ ದರವನ್ನು ಅಳಿಸುವಂತಿಲ್ಲ, ತಾರೀಖಿನ ಜೊತೆ ಇಟ್ಟುಕೊಳ್ಳಬೇಕು.

ಬಟ್ಟೆಯದು ಇನ್ನೂ ಮಜಾ. ಒಂದು ಉಡುಪಿನ ಮಾರಾಟ ಬೆಲೆ 2,500 ರೂಪಾಯಿಯವರೆಗೆ ಇದ್ದರೆ 5 ಪರ್ಸೆಂಟ್, ಮೇಲೆ ಹೋದರೆ 18. ಮೊದಲು ಈ ಗೆರೆ 1,000 ರೂಪಾಯಿಗಿತ್ತು. 3,200ರ ಶರ್ಟು ದೀಪಾವಳಿ ಆಫರಿನಲ್ಲಿ 2,400ಕ್ಕೆ ಇಳಿದರೆ ತೆರಿಗೆ ದರವೂ ಬದಲಾಗುತ್ತದೆ. ಒಂದು ಕೊಂಡರೆ ಒಂದು ಉಚಿತ ಅಂದರೆ? ಎರಡು ಶರ್ಟಿಗೆ ಬೆಲೆ ಹೇಗೆ ಹಂಚುತ್ತೀರಿ? ಮಾರ್ಕೆಟಿಂಗಿನವರು ಪೋಸ್ಟರ್ ಮಾಡಿಸಿ ಆಗಿರುತ್ತದೆ, ಆಮೇಲೆ ಐಟಿಗೆ ಹೇಳುತ್ತಾರೆ. ಇಂಥ ಪ್ರಶ್ನೆ ನಿಮಗೆ ರುಚಿಸಿದರೆ ಈ ಕುರ್ಚಿ ನಿಮ್ಮದು. ‘ಇದು ಅಕೌಂಟ್ಸ್, ನಂಗ್ಯಾಕೆ’ ಅನಿಸಿದರೆ ಮುಂದಿನ ಭಾಗಕ್ಕೆ ಹೋಗಿ.

ಐಟಂ ಮಾಸ್ಟರ್ ಅನ್ನುವ ಮಾತು ಇಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೀರಿ. ಪ್ರತಿ ಸಾಮಾನಿನ ಹೆಸರು, ಕೋಡ್, ಅಳತೆ, ಬಾಕ್ಸಿನಲ್ಲಿ ಎಷ್ಟು, ಯಾವ ತೆರಿಗೆ, ಎಲ್ಲ ಬರೆದಿಟ್ಟ ಪಟ್ಟಿ ಅದು. ಬೋರಿಂಗ್ ಅನಿಸುತ್ತದೆ, ಅಲ್ವಾ? ಅಮೆರಿಕದ ಟಾರ್ಗೆಟ್ 2013ರಲ್ಲಿ ಕೆನಡಾಕ್ಕೆ ಕಾಲಿಟ್ಟು 133 ಅಂಗಡಿ ತೆರೆದು, 2015ರಲ್ಲಿ ಎಲ್ಲ ಮುಚ್ಚಿ ಹೊರಟಿತು. ಕಾರಣ ಹಲವು. ಅದರಲ್ಲಿ ದೊಡ್ಡದೊಂದು, ಹೊಸ ವ್ಯವಸ್ಥೆಗೆ ಏರಿಸಿದ ಸಾಮಾನುಗಳ ಅಳತೆ, ವಿವರಗಳಲ್ಲೇ ತಪ್ಪು ತುಂಬಿದ್ದು. ಗೋದಾಮಿನಲ್ಲಿ ಸರಕು ಒತ್ತಿಬಿದ್ದಿತ್ತು, ಅಂಗಡಿಯ ಕಪಾಟು ಖಾಲಿ. ಪಟ್ಟಿ ತುಂಬುವ ಕೆಲಸ ಅಂತ ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ಒಂದು ಎಚ್ಚರಿಕೆ. ಕಂಪನಿ ಬಳಸುವುದು ಎಸ್‌ಎಪಿ, ಒರಾಕಲ್ ಥರ ಬಹಳ ಕಂಪನಿಗಳು ಬಳಸುವ ಸಾಫ್ಟ್‌ವೇರ್ ಆದರೆ ಕಲಿತದ್ದು ಎಲ್ಲಿ ಹೋದರೂ ಮಾರಾಟವಾಗುತ್ತದೆ. ಹದಿನೈದು ವರ್ಷದ ಹಿಂದೆ ಯಾರೋ ಬರೆದ, ಆ ಕಂಪನಿ ಮಾತ್ರ ಬಳಸುವ ಸಾಫ್ಟ್‌ವೇರ್ ಆದರೆ ಅದರ ಗುಟ್ಟು ಕಲಿತಷ್ಟೂ ಆ ಕಂಪನಿಗೆ ನೀವು ಬೇಕಾಗುತ್ತೀರಿ, ಹೊರಗೆ ಯಾರಿಗೂ ಬೇಡ. ಮೊದಮೊದಲು ಹಿತವಾಗಿರುತ್ತದೆ, ಆಮೇಲೆ ಕಟ್ಟಿಹಾಕುತ್ತದೆ.

ಗೋದಾಮಿನ ಐಟಿ ಅಂತ ಇನ್ನೊಂದಿದೆ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್, ವೈಫೈ, ಲೇಬಲ್ ಪ್ರಿಂಟರ್, ರಾತ್ರಿ ಲಾರಿ ಹೊರಡುವ ಮುಂಚೆ ಯಾವ ಸರಕು ತೆಗೆಯಬೇಕು ಅನ್ನುವ ಪಿಕ್ಕಿಂಗ್ ಪಟ್ಟಿ ಬರಬೇಕು. ಗಿರಾಕಿಯ ಗಲಾಟೆ ಇಲ್ಲ, ರಾತ್ರಿ ಪಾಳಿ ಇದೆ. ಸಾಗಾಟ, ಸಪ್ಲೈ ಚೈನ್ ಕಡೆ ಒಲವಿದ್ದರೆ ನೋಡಿ, ಇಲ್ಲದಿದ್ದರೆ ಬೇಡ.

ಬೆಂಗಳೂರಿನ ಟೆಕ್ ಸೆಂಟರುಗಳು

ವಾಲ್‌ಮಾರ್ಟ್, ಟಾರ್ಗೆಟ್, ಟೆಸ್ಕೊ, ಲೋವ್ಸ್ ಇವರೆಲ್ಲರ ಐಟಿ ಕೇಂದ್ರಗಳು ಬೆಂಗಳೂರಿನಲ್ಲಿವೆ. ಟೆಸ್ಕೊದ್ದು 2004ರಿಂದ, ಟಾರ್ಗೆಟ್‌ದು 2005ರಿಂದ. ಹೆಸರಿಗೆ ಇದೂ ರಿಟೇಲ್ ಕಂಪನಿಯ ಐಟಿ ವಿಭಾಗವೇ, ಆದರೆ ಲೋಕವೇ ಬೇರೆ. ಅಂಗಡಿ ಅಮೆರಿಕ, ಬ್ರಿಟನ್ನಿನಲ್ಲಿ. ನೀವು ನೋಡುವುದು ಕೋಡ್ ಮತ್ತು ಗ್ರಾಫ್. ಪಗಾರ, ಕಲಿಕೆ ಎರಡರಲ್ಲೂ ನಾನು ಹೇಳಿದ ಎಲ್ಲ ಕುರ್ಚಿಗಳಿಗಿಂತ ಇದು ಮೇಲೆ. ಬಾಗಿಲೂ ಅಷ್ಟೇ ಇಕ್ಕಟ್ಟು. ಡೇಟಾ ಸ್ಟ್ರಕ್ಚರ್, ಕೋಡಿಂಗ್ ಸುತ್ತುಗಳನ್ನು ದಾಟಲೇಬೇಕು. ಅವರ ದೀಪಾವಳಿ ನವೆಂಬರಿನ ನಾಲ್ಕನೇ ಗುರುವಾರದ ಮರುದಿನ ಬರುವ ಬ್ಲ್ಯಾಕ್ ಫ್ರೈಡೇ. ಆ ವಾರ ರಾತ್ರಿ ಎದ್ದಿರುವುದು ಗ್ಯಾರಂಟಿ. ನಮ್ಮ ದೀಪಾವಳಿಗೆ ಊರಿಗೆ ಬರಬಹುದು ಅನ್ನುವುದೊಂದು ಲಾಭ.

ಇಂಥ ಕೇಂದ್ರಗಳು ಹುಬ್ಬಳ್ಳಿಗೂ ಬರುತ್ತವೆ ಅನ್ನುವ ಮಾತು ಇದೆ. 2024ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಇದಕ್ಕೆಂದೇ ನೀತಿ ತಂದಿತು. ಬೆಂಗಳೂರಿನ ಆಚೆ ಬೆಳೆಸುವ ಊರುಗಳಲ್ಲಿ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯೂ ಇದೆ. ಬಂದರೆ ಒಳ್ಳೇದು. ಅದನ್ನು ನಂಬಿಕೊಂಡು ಕೈಯಲ್ಲಿರುವ ಆಫರ್ ಬಿಡಬೇಡಿ.

ಸರ್ವಿಸ್ ಕಂಪನಿಯ ಜೊತೆ ಇಟ್ಟು ನೋಡಿದರೆ

ಸರ್ವಿಸ್ ಕಂಪನಿ ಅಂದರೆ ಬೇರೆ ಕಂಪನಿಗಳ ಐಟಿ ಕೆಲಸ ಮಾಡಿಕೊಡುವ ಕಂಪನಿ. ಕ್ಯಾಂಪಸ್ಸಿನಲ್ಲಿ ಸಿಗುವುದು ಹೆಚ್ಚಾಗಿ ಇದೇ. ಸರ್ವಿಸ್ ಕಂಪನಿಯಲ್ಲಿ ಮಾರಾಟವಾಗುವ ಸರಕು ನಿಮ್ಮ ಸಮಯ. ನೀವು ಗಳಿಸಿಕೊಡುವವರು. ರಿಟೇಲ್ ಕಂಪನಿಯಲ್ಲಿ ಗಳಿಸಿಕೊಡುವವರು ಖರೀದಿ ಮತ್ತು ಮಾರಾಟದವರು, ಐಟಿ ಖರ್ಚಿನ ಖಾತೆ. ಈ ಒಂದು ವ್ಯತ್ಯಾಸದಿಂದ ಉಳಿದದ್ದೆಲ್ಲ ಬರುತ್ತದೆ. ಕಿರಾಣಿ ವ್ಯಾಪಾರದಲ್ಲಿ ಲಾಭ ತೆಳು, ಹಾಗಾಗಿ ಹೊಸ ಲ್ಯಾಪ್‌ಟಾಪಿಗೂ ಮೂರು ಸಹಿ. ಮಾರಾಟ ಬಿದ್ದ ವರ್ಷ ಮೊದಲು ನಿಲ್ಲುವುದು ಐಟಿಯ ನೇಮಕ. ಸರ್ವಿಸ್ ಕಂಪನಿಯಲ್ಲಿ ಪ್ರಾಜೆಕ್ಟ್ ಸಿಗದಿದ್ದರೆ ಬೆಂಚ್ (ಕೆಲಸವಿಲ್ಲದೆ ಕಾಯುವುದು), ಬೆಂಚ್ ಉದ್ದವಾದರೆ ಚಿಂತೆ. ರಿಟೇಲಿನಲ್ಲಿ ಬೆಂಚ್ ಅನ್ನುವುದೇ ಇಲ್ಲ. ಕೆಲಸ ಯಾವಾಗಲೂ ಎರಡು ಜನರಷ್ಟು ಇರುತ್ತದೆ.

ತರಬೇತಿಯಲ್ಲಿ ಸರ್ವಿಸ್ ಕಂಪನಿಗಳದೇ ಮೇಲುಗೈ. ಹೊಸಬರನ್ನು ಕೂರಿಸಿ ತಿಂಗಳುಗಟ್ಟಲೆ ಕಲಿಸುವ ಪದ್ಧತಿ ಅವರಲ್ಲಿದೆ. ರಿಟೇಲಿನಲ್ಲಿ ಹಳಬರ ಪಕ್ಕ ಕೂರಿಸಿ ‘ನೋಡ್ಕೊಂಡ್ ಕಲಿ’ ಅನ್ನುತ್ತಾರೆ, ಆ ಹಳಬರಿಗೆ ಪುರುಸೊತ್ತಿರುವುದಿಲ್ಲ. ಆದರೆ ನೀವು ಮಾಡಿದ್ದು ಯಾರಿಗೆ ಉಪಯೋಗವಾಯಿತು ಅಂತ ಕಣ್ಣಾರೆ ನೋಡುವ ಸುಖ ರಿಟೇಲಿನಲ್ಲಿ ಜಾಸ್ತಿ. ಬೆಳಗ್ಗೆ ಬದಲಿಸಿದ ಬಿಲ್ ನಮೂನೆ ಸಂಜೆ ನಿಮ್ಮ ಅಮ್ಮನ ಚೀಲದಲ್ಲೇ ಮನೆಗೆ ಬರಬಹುದು.

ನೋಟಿಸ್ ಪೀರಿಯಡ್ ಮತ್ತು ಬಾಂಡ್ ಎರಡನ್ನೂ ಅಕ್ಷರ ಬಿಡದೆ ಓದಿ. ಸರ್ವಿಸ್ ಕಂಪನಿಗಳಲ್ಲಿ 90 ದಿನದ ನೋಟಿಸ್ ಮಾಮೂಲು. ಮುಂದೆ ಕೆಲಸ ಬದಲಿಸುವಾಗ ಇದು ಕಾಲಿಗೆ ತೊಡರುತ್ತದೆ, ಮೂರು ತಿಂಗಳು ಕಾಯುವ ಕಂಪನಿಗಳು ಕಡಿಮೆ.

ಊರಿನ ಸಾಫ್ಟ್‌ವೇರ್ ಡೀಲರ್ ಹತ್ತಿರ

ಇದನ್ನು ಯಾರೂ ಆಯ್ಕೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಇದರ ಮೇಲೆ ಗೌರವ ಇದೆ. ಹುಬ್ಬಳ್ಳಿ ಹೋಲ್‌ಸೇಲ್ ವ್ಯಾಪಾರದ ಊರು. ದುರ್ಗದಬೈಲಿನ ಅಂಗಡಿ, ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿ, ಮೆಡಿಕಲ್, ಜವಳಿ, ಹಾರ್ಡ್‌ವೇರ್ ಎಲ್ಲರಿಗೂ ಟ್ಯಾಲಿ ಅಥವಾ ಯಾವುದೋ ಬಿಲ್ಲಿಂಗ್ ಸಾಫ್ಟ್‌ವೇರ್ ಬೇಕು, ಅದನ್ನು ಹಾಕಿಕೊಟ್ಟು ನೋಡಿಕೊಳ್ಳುವವರು ಬೇಕು. ಇಲ್ಲಿ ಮೊದಲ ಫೋನೂ ನಿಮಗೇ, ಕೊನೆಯದೂ ನಿಮಗೇ. “ತಮ್ಮಾ, ನಿನ್ನಿ ಬಿಲ್ಲ ಕಾಣವಲ್ವು, ಲಗೂನ ಬಾ” ಅಂತ ಮಾಲಕರು ಕರೆದರೆ ಮೇಲಿನವರಿಗೆ ಟಿಕೆಟ್ ತಳ್ಳುವ ಹಾಗಿಲ್ಲ.

ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್), ಐದು ಕೋಟಿ ದಾಟಿದ ವಹಿವಾಟಿಗೆ 2023ರ ಆಗಸ್ಟಿನಿಂದ ಇ-ಇನ್‌ವಾಯ್ಸ್ ಇವೆಲ್ಲ ಆರು ತಿಂಗಳಲ್ಲಿ ಬಾಯಿಪಾಠ ಆಗುತ್ತವೆ. ಪಗಾರ ಕಡಿಮೆ. ಪಿಎಫ್ ಇರಬಹುದು, ಇಲ್ಲದಿರಬಹುದು. ರೆಸ್ಯೂಮೆಯಲ್ಲಿ ಹೆಸರು ಹೊಳೆಯುವುದಿಲ್ಲ. ಆದರೆ ಅಂಗಡಿಯ ಲೆಕ್ಕ ತಿಳಿದ ಬಿಕಾಂ, ಬಿಸಿಎ ಹುಡುಗ-ಹುಡುಗಿಯರು ಇಲ್ಲಿಂದ ದೊಡ್ಡ ರಿಟೇಲ್ ಕಂಪನಿಯ ಅಪ್ಲಿಕೇಶನ್ ತಂಡಕ್ಕೆ ಹೋಗುವ ದಾರಿ, ಪ್ರಿಂಟರ್ ನೋಡುವ ಕುರ್ಚಿಯಿಂದ ಹೋಗುವ ದಾರಿಗಿಂತ ಹತ್ತಿರ ಅನ್ನುವುದು ನನ್ನ ಅಭಿಪ್ರಾಯ.

ಆಫರ್ ಲೆಟರ್ ಓದುವಾಗ

ಮೊದಲು ನೋಡಬೇಕಾದ್ದು ತಲೆಬರಹ. ಅಂಗಡಿಯ ಬೋರ್ಡಿನಲ್ಲಿರುವ ಹೆಸರೇ ಲೆಟರಿನ ಮೇಲೂ ಇದೆಯಾ? ಅಂಗಡಿ ಕಡೆಯ ಸಪೋರ್ಟನ್ನು ಹೊರಗಿನ ಏಜೆನ್ಸಿಗೆ ಕೊಡುವುದು ಸಾಮಾನ್ಯ. ಕೆಲಸ ಅವರದು, ಟಿ-ಶರ್ಟ್ ಅವರದು, ಪೇರೋಲ್ ಬೇರೆಯವರದು. ಗುತ್ತಿಗೆ ಬದಲಾದರೆ ನಿಮ್ಮ ಸೀನಿಯಾರಿಟಿ ಸೊನ್ನೆಯಿಂದ ಶುರು. ಒಳಗಿನ ಹುದ್ದೆಗಳಿಗೆ ಅರ್ಜಿ ಹಾಕುವ ಅವಕಾಶವೂ ಇರುವುದಿಲ್ಲ. ಅಂಗಡಿಯಿಂದ ಹೆಡ್ ಆಫೀಸಿಗೆ ಹತ್ತುವ ಏಣಿಯ ಬಗ್ಗೆ ಹೇಳಿದೆನಲ್ಲ, ಅದು ಕಂಪನಿಯ ಸ್ವಂತ ಪೇರೋಲಿನಲ್ಲಿ ಇರುವವರಿಗೆ ಮಾತ್ರ.

ಆಮೇಲೆ ಅಂಕಿ. ಸಿಟಿಸಿಯಲ್ಲಿ (ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು) ಕಂಪನಿ ಕಟ್ಟುವ 12 ಪರ್ಸೆಂಟ್ ಪಿಎಫ್, ಮೂಲ ವೇತನದ 4.81 ಪರ್ಸೆಂಟ್ ಗ್ರಾಚ್ಯುಟಿ, ವಿಮೆ ಎಲ್ಲ ಸೇರಿಸಿರುತ್ತಾರೆ. ಕೈಗೆ ಬರುವುದು ಎಷ್ಟು ಅಂತ ನೇರವಾಗಿ ಕೇಳಿ, ನಾಚಿಕೊಳ್ಳಬೇಡಿ. ತಿಂಗಳ ಪಗಾರ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಬರುತ್ತದೆ, ನಿಮ್ಮ ಪಾಲು 0.75 ಪರ್ಸೆಂಟ್ ಕಡಿತ. ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ನಿಮ್ಮ ಮೇಲೆ ಅವಲಂಬಿತರಾಗಿದ್ದರೆ ಈ ಇಎಸ್‌ಐ ಕಾರ್ಡಿನ ಬೆಲೆ ಕಡಿತಕ್ಕಿಂತ ದೊಡ್ಡದು. 21,500ರ ಆಫರ್ ನೋಡಿ ಹಿಗ್ಗುವ ಮೊದಲು ಇದನ್ನೂ ಲೆಕ್ಕ ಹಾಕಿ.

ಸೂಟಿ ಮತ್ತು ಹಬ್ಬ

ಇದರಲ್ಲಿ ಮುಚ್ಚುಮರೆ ಬೇಡ. ಎಲ್ಲರ ಹಬ್ಬ ಅಂಗಡಿಯವರ ಸುಗ್ಗಿ. ಪಂಚಮಿಗೆ ಉಂಡಿ ಕಟ್ಟುವ ಹೊತ್ತಿಗೆ ಆಗಸ್ಟ್ 15ರ ಸೇಲಿನ ತಯಾರಿ. ಗಣಪತಿ, ದಸರಾ, ದೀಪಾವಳಿವರೆಗೆ ಸೂಟಿ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಅಮಾವಾಸ್ಯೆಯ ಲಕ್ಷ್ಮೀಪೂಜೆ ಮನೆಯಲ್ಲಿ ನಡೆಯುತ್ತಿದ್ದರೆ ನೀವು ಫೋನಿನಲ್ಲಿ. ಮಾರ್ಚ್ ಕೊನೆಗೆ ಸ್ಟಾಕ್ ಎಣಿಕೆ, ರಾತ್ರಿ ಪೂರ್ತಿ. ವಾರದ ರಜೆ ಮಂಗಳವಾರವೋ ಬುಧವಾರವೋ ಬರುತ್ತದೆ, ಗೆಳೆಯರೆಲ್ಲ ಕೆಲಸದಲ್ಲಿರುವ ದಿನ. ಹೆಡ್ ಆಫೀಸಿನವರಿಗೆ ಭಾನುವಾರ ಸಿಗುತ್ತದೆ, ಆದರೆ ಹಬ್ಬದ ವಾರ ಆನ್-ಕಾಲ್. ಸರ್ವಿಸ್ ಕಂಪನಿಯಲ್ಲಿ ಗ್ರಾಹಕರ ದೇಶದ ಕ್ಯಾಲೆಂಡರ್. ಡೀಲರ್ ಹತ್ತಿರ ತಾರೀಖು 20 ಬಿಟ್ಟರೆ ಉಳಿದ ದಿನ ಮಾಲಕರ ಮನಸ್ಸು. ಹಬ್ಬ ತಪ್ಪಿದರೆ ಮನೆಯಲ್ಲಿ ಮಾತು ಬೆಳೆಯುತ್ತದೆ ಅನ್ನುವವರು, ಅದರಲ್ಲೂ ಹೊಸದಾಗಿ ಮದುವೆಯಾದವರು, ಇದನ್ನು ಪಗಾರದಷ್ಟೇ ಗಂಭೀರವಾಗಿ ತೂಗಬೇಕು.

ಸಂದರ್ಶನದಲ್ಲಿ ಕೇಳಬೇಕಾದ್ದು

ಕೊನೆಗೆ “ನಿಮ್ಮ ಪ್ರಶ್ನೆ ಏನಾದರೂ ಇದೆಯಾ?” ಅಂದಾಗ ತಲೆ ಅಲ್ಲಾಡಿಸಿ ಎದ್ದು ಬರಬೇಡಿ. ಒಬ್ಬರ ಕೈಕೆಳಗೆ ಎಷ್ಟು ಅಂಗಡಿ, ಅವು ಯಾವ ಊರಲ್ಲಿ ಅಂತ ಕೇಳಿ. ಡೇಟಾಬೇಸ್ ನೋಡಲು ಅನುಮತಿ ಕೊಡುತ್ತೀರಾ ಅಂತ ಕೇಳಿ. ಅನುಮತಿ ಇಲ್ಲದ ಕುರ್ಚಿಯಲ್ಲಿ ಕಲಿಕೆ ಬೇಗ ನಿಲ್ಲುತ್ತದೆ. ಕಳೆದ ವರ್ಷ ಅಂಗಡಿ ಕಡೆಯಿಂದ ಅಪ್ಲಿಕೇಶನ್ ತಂಡಕ್ಕೆ ಯಾರಾದರೂ ಹೋದರಾ ಅನ್ನುವ ಪ್ರಶ್ನೆಗೆ ಅವರು ತಡವರಿಸಿದರೆ ಅದೇ ಉತ್ತರ. ಹುಡುಗಿಯರು ಇನ್ನೊಂದನ್ನು ಕೇಳಲೇಬೇಕು. ಅಂಗಡಿ ಮುಚ್ಚಿದ ಮೇಲಿನ ಕೆಲಸಕ್ಕೆ ಮನೆಗೆ ಬಿಡುವ ವ್ಯವಸ್ಥೆ ಏನು? ‘ನೋಡೋಣ ಬಿಡ್ರಿ’ ಅಂದರೆ ಮೇಲ್‌ನಲ್ಲಿ ಬರೆದು ಕಳಿಸಲು ಹೇಳಿ.

ಸಂದರ್ಶನಕ್ಕೆ ಮೊದಲು ಆ ಕಂಪನಿಯ ಅಂಗಡಿಗೇ ಒಂದು ಸಂಜೆ ಹೋಗಿ. ಏನಾದರೂ ಕೊಂಡು ಪಾಳಿಯಲ್ಲಿ ನಿಲ್ಲಿ. ಎಷ್ಟು ಕೌಂಟರ್ ಬಂದ್ ಇವೆ, ಸ್ಕ್ಯಾನರ್ ಎಷ್ಟು ಸಲ ಉಜ್ಜಬೇಕು, ಬಿಲ್ಲಿನ ಅಕ್ಷರ ಮಸುಕಾಗಿದೆಯಾ ಎಲ್ಲ ಕಾಣುತ್ತದೆ. ಐಟಿಗೆ ಆ ಕಂಪನಿ ಎಷ್ಟು ಬೆಲೆ ಕೊಡುತ್ತದೆ ಅನ್ನುವುದು ವೆಬ್‌ಸೈಟಿಗಿಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಕೋಡಿಂಗ್ ಚೆನ್ನಾಗಿ ಬರುತ್ತದೆ, ಊರು ಬಿಡಲು ಅಡ್ಡಿ ಇಲ್ಲ ಅನ್ನುವವರು ಟೆಕ್ ಸೆಂಟರುಗಳಿಗೆ ಪ್ರಯತ್ನಿಸಿ. ಆಗದಿದ್ದರೆ ಸರ್ವಿಸ್ ಕಂಪನಿ, ಅಲ್ಲೂ ರಿಟೇಲ್ ಗ್ರಾಹಕರ ಪ್ರಾಜೆಕ್ಟ್ ಕೇಳಿ ಪಡೆಯಿರಿ. ಎರಡು-ಮೂರು ವರ್ಷದ ನಂತರ ಆ ಅನುಭವ ಟೆಕ್ ಸೆಂಟರಿನ ಬಾಗಿಲನ್ನು ಸ್ವಲ್ಪ ಅಗಲ ಮಾಡುತ್ತದೆ. ಕೋಡಿಂಗ್ ಅಷ್ಟಕ್ಕಷ್ಟೇ, ಆದರೆ ಲೆಕ್ಕ, ವ್ಯಾಪಾರ ತಲೆಗೆ ಹತ್ತುತ್ತದೆ ಅನ್ನುವವರಿಗೆ ಹೆಡ್ ಆಫೀಸಿನ ಅಪ್ಲಿಕೇಶನ್ ತಂಡ ಬೇರೆಲ್ಲೂ ಸಿಗದ ಜಾಗ. ಅಲ್ಲಿಗೆ ನೇರವಾಗಿ ಸಿಗದಿದ್ದರೆ ಡೀಲರ್ ಹತ್ತಿರ ಒಂದು ವರ್ಷ ಪಳಗಿ.

ಮನೆಯ ಜವಾಬ್ದಾರಿಯಿಂದ ಹುಬ್ಬಳ್ಳಿ-ಧಾರವಾಡ ಬಿಡಲಾಗದವರಿಗೆ ಅಂಗಡಿ ಕಡೆಯ ಸಪೋರ್ಟ್ ಸರಿ, ಕಂಪನಿಯ ಸ್ವಂತ ಪೇರೋಲ್ ಆದರೆ. ಏಜೆನ್ಸಿ ಪೇರೋಲ್ ಆದರೆ ಅದನ್ನು ಮೊದಲ ಕೆಲಸ ಅಂತ ಹಿಡಿಯಿರಿ, ಎರಡನೇ ದೀಪಾವಳಿಯೊಳಗೆ ಬೇರೆ ಕಡೆ ನೋಡಿಕೊಳ್ಳಿ. ಈಗಾಗಲೇ ಆ ಕುರ್ಚಿಯಲ್ಲಿ ಕೂತು ಹೆಡ್ ಆಫೀಸಿನ ಕಡೆ ನೋಡುತ್ತಿರುವವರು ಹಬ್ಬದ ಗದ್ದಲ ಮುಗಿದ ಮೇಲೆ, ಜನವರಿ-ಫೆಬ್ರವರಿಯಲ್ಲೇ ಮ್ಯಾನೇಜರ್ ಹತ್ತಿರ ಮಾತೆತ್ತಬೇಕು. ಏಪ್ರಿಲಿನಿಂದ ಹೊಸ ಬಜೆಟ್, ಹುದ್ದೆಗಳ ಪಟ್ಟಿ ಅದಕ್ಕಿಂತ ಮುಂಚೆಯೇ ಬರೆದಾಗಿರುತ್ತದೆ.